ಅಭ್ಯಾಸವಾಗಿದೆ ಬಿಡಿ

ಯುಗಾದಿಯ ಹಿಂದಿನ ದಿನ ಅಕ್ಕನ ಮಗ ಬೆಂಗಳೂರಿನಿಂದ ಹೊಸ ಕಾರಿನಲ್ಲಿ ಬಂದಿಳಿದ. ಮಾದಪ್ಪನ ಬೆಟ್ಟದ ಜಾತ್ರೆಗೆ ಹೊರಟವನು ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಊಟ ಮುಗಿಸಿ, ನೇರವಾಗಿ ಫ್ರಿಜ್ಜಿನ ಬಾಗಿಲು ತೆಗೆದ.

"ಚಿಕ್ಕಮ್ಮ, ಐಸ್ ಎಷ್ಟಿದೆ?"

ಪಾನಕಕ್ಕೆ ಕೇಳುತ್ತಿದ್ದಾನೆ ಎಂದುಕೊಂಡೆ. ಅಲ್ಲ, ಕಾರಿಗಂತೆ! ಟ್ರೇಗಳಲ್ಲಿದ್ದದ್ದು ಸಾಲದೆಂದು ಪೇಟೆಗೆ ಹೋಗಿ ಗೋಣಿಚೀಲದಲ್ಲಿ ಇನ್ನಷ್ಟು ತಂದ. ಡಿಕ್ಕಿಯಲ್ಲಿ ಕೂರಿಸಿದ್ದ ಪುಟ್ಟ ತೊಟ್ಟಿಗೆ ಐದು ಕಿಲೋದಷ್ಟು ಐಸು ಸುರಿದ. "ಪಾಪ, ಬಿಸಿಲಿಗೆ ಎಂಜಿನ್ನು ತುಂಬ ಸುಸ್ತಾಗುತ್ತೆ" ಎಂದ.

ಆ "ಪಾಪ" ಎಂಬ ಮಾತು ನನ್ನ ಕಿವಿಯಲ್ಲಿ ನಿಂತುಬಿಟ್ಟಿತು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ವಿವರ ಕೇಳದೆ ಬಿಡಲಿಲ್ಲ. ಅವನ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸಿದ್ದಾನೆ. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಅದು ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುರುಕುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೀವೂ ಕಂಡಿದ್ದೀರಿ. ಹಾಗೆಯೇ ಇಲ್ಲಿಯೂ ಗಾಳಿ ಕಾಯುತ್ತದೆ. 35 ಡಿಗ್ರಿಯ ಗಾಳಿ 80 ದಾಟಬಹುದು. ಬಿಸಿ ಗಾಳಿ ತೆಳುವಾದ್ದರಿಂದ ಅದರಲ್ಲಿ ಆಮ್ಲಜನಕ ಕಡಿಮೆ, ಎಂಜಿನ್ನಿಗೆ ಬಲ ಕಡಿಮೆ. ಅದನ್ನು ತಣಿಸಲು ನಡುವೆ ಇರುವುದೇ ಇಂಟರ್‌ಕೂಲರ್. ಅವನ ಕಾರಿನಲ್ಲಿ ಅದರೊಳಗೆ ನೀರು ಹರಿಯುತ್ತದೆ. ಆ ನೀರಿಗೆ ಐಸು. ಅಮೆರಿಕದಲ್ಲಿ ಕಾಲು ಮೈಲಿ, ಎಂದರೆ ಸುಮಾರು 400 ಮೀಟರ್, ಓಡುವ ಪಂದ್ಯದವರು ಹೀಗೆ ಮಾಡುತ್ತಾರಂತೆ. ಅಲ್ಲಿನ ಡಾಡ್ಜ್ ಕಂಪನಿಯ 2018ರ ಡೀಮನ್ ಕಾರಿನಲ್ಲಿ ಒಳಗೆ ಕೂತವರ ಏಸಿಯ ತಂಪನ್ನೇ ಇದಕ್ಕೆ ತಿರುಗಿಸುವ ಏರ್ಪಾಡೂ ಇದೆ.

ಸುಳ್ಳಲ್ಲ, ವಿದ್ಯೆ ನಿಜವೇ. ಆದರೆ ಲೆಕ್ಕ ಹಾಕೋಣ. ಒಂದು ಕಿಲೋ ಐಸು ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಒತ್ತಿ ಓಡಿಸುವಾಗ ಇಂಟರ್‌ಕೂಲರಿಗೆ ಐದು ಕಿಲೋವ್ಯಾಟ್ ಶಾಖ ಬರುತ್ತದೆಂದು ಹಿಡಿದರೆ, ಐದು ಕಿಲೋ ಐಸು ಐದೂವರೆ ನಿಮಿಷದಲ್ಲಿ ನೀರು! ಆ ತಣ್ಣೀರು ಇನ್ನೊಂದೆರಡು ನಿಮಿಷ ತಡೆದೀತು. ಇಲ್ಲಿಂದ ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ಬುಡ ಸೇರುವಷ್ಟರಲ್ಲಿ ಐಸಿನ ಕತೆ ಮುಗಿದಿರುತ್ತದೆ. ನಿಧಾನವಾಗಿ ಓಡಿಸಿದರೆ ಅಷ್ಟು ಶಾಖವೇ ಹುಟ್ಟುವುದಿಲ್ಲ, ಐಸೂ ಬೇಕಿಲ್ಲ. ಅದೇ ತಾಳಬೆಟ್ಟದಿಂದ ಹೆಂಗಸರು ಹರಕೆ ಹೊತ್ತು ಬರಿಗಾಲಿನಲ್ಲಿ ಬೆಟ್ಟ ಹತ್ತುತ್ತಾರೆ. ಅವರನ್ನು ನೋಡಿ ಯಾರು ಪಾಪ ಎಂದಾರು?

ಐಸಿನ ಮೇಲೆ ನನಗೆ ಸಿಟ್ಟಿಲ್ಲ. ಹನೂರಿನ ಕಡೆ ಕಾಡಂಚಿನ ಹಾಡಿಗಳಿಗೆ ಲಸಿಕೆ ಒಯ್ಯುವ ನರ್ಸಮ್ಮನ ಡಬ್ಬಿ ನೋಡಿ. ನಾಲ್ಕೇ ನಾಲ್ಕು ಐಸ್ ಪ್ಯಾಕು. ದಪ್ಪ ಗೋಡೆಯ ಡಬ್ಬಿಯೊಳಗೆ ಇಡೀ ದಿನ ತಂಪು ಕಾಯುತ್ತವೆ. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಕೂಸಿಗೆ ಅದು ಪ್ರಾಣದ ಮಾತು. ಐಸಿಗೆ ಮರ್ಯಾದೆ ಬಂದದ್ದು ಅಲ್ಲಿ.

ನನ್ನ ಸಿಟ್ಟು ಬೇರೆ. ಎಂಜಿನ್ನಿಗೆ ಸೆಕೆಯಾದರೆ ನಾವು ಡಿಗ್ರಿ ಅಳೆಯುತ್ತೇವೆ. ಹೆಂಗಸಿಗೆ ಸೆಕೆಯಾದರೆ "ಅಭ್ಯಾಸವಾಗಿದೆ ಬಿಡಿ" ಎನ್ನುತ್ತೇವೆ.

ನನ್ನ ತವರು ಯಳಂದೂರಿನ ಕಡೆ. ಅಲ್ಲಿ ರೇಷ್ಮೆ ನೂಲು ಬಿಚ್ಚುವುದು ಹಳೆಯ ಕಸುಬು. ಗೂಡಿನ ಎಳೆಗಳನ್ನು ಹಿಡಿದಿಟ್ಟಿರುವ ಸೆರಿಸಿನ್ ಎಂಬ ಅಂಟು ಸಡಿಲವಾಗಬೇಕಾದರೆ ಬಿಸಿನೀರೇ ಬೇಕು. ಚರಕದಲ್ಲಿ ಗೂಡು ಬೇಯಿಸುವುದೂ ಎಳೆ ತೆಗೆಯುವುದೂ ಒಂದೇ ಕಾದ ನೀರಿನಲ್ಲಿ. ಎಳೆಯ ತುದಿ ಹುಡುಕಲು ಬೆರಳು ಮತ್ತೆ ಮತ್ತೆ ಅದರೊಳಗೆ ಹೋಗಬೇಕು. ಕರ್ನಾಟಕದ ರೇಷ್ಮೆ ಕೆಲಸದಲ್ಲಿ ಮಕ್ಕಳ ಕೈಗಳೂ ಹೀಗೆ ಬೆಂದದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿತ್ತು.

ನಮ್ಮ ಹಿಂದಿನ ಬೀದಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳಿದ್ದಳು. ಬೆರಳ ಸಂದಿಗಳೆಲ್ಲ ಬೆಳ್ಳಗೆ ಬಿರಿದು, ಅನ್ನ ಕಲಸಿದರೆ ಸಾರು ಉರಿಯುತ್ತದೆಂದು ಚಮಚ ಹಿಡಿದು ಉಣ್ಣುತ್ತಿದ್ದಳು. ಒಮ್ಮೆ ನಾನು, "ಇಷ್ಟು ಬಿಸಿ ಹೇಗೆ ತಡೀತೀಯಮ್ಮ?" ಎಂದೆ. "ಅಭ್ಯಾಸ ಆಗೋಗದೆ ಕಣಕ್ಕ" ಎಂದು ನಕ್ಕಳು. ನಾನೂ ಹೌದಲ್ಲ ಎಂದುಕೊಂಡು ಮನೆಗೆ ಬಂದೆ. ಮೈಮೇಲೆ ಕೊಳ್ಳೇಗಾಲದ ರೇಷ್ಮೆ ಸೀರೆಯಿತ್ತು. ಕಲಿತವಳು, ಪಾಠ ಹೇಳುವವಳು. ನೀರು ಎಷ್ಟು ಡಿಗ್ರಿ ಇದೆ ಎಂದು ಕೇಳಬೇಕೆಂದೂ ನನಗೆ ತೋಚಲಿಲ್ಲ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಉಪಾಯವಿಲ್ಲವೆಂದಲ್ಲ. ಗೂಡನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಬೆಚ್ಚನೆಯ ನೀರಿನಲ್ಲಿ ಎಳೆ ತೆಗೆಯುವ ಮಲ್ಟಿ ಎಂಡ್ ಯಂತ್ರಗಳು ಬಂದು ಎಷ್ಟೋ ವರ್ಷವಾಯಿತು; ಈಗ ತಾನೇ ಎಳೆ ತೆಗೆಯುವ ಯಂತ್ರಗಳೂ ಇವೆ. ಆದರೂ ಚರಕದ ಮುಂದೆ ಕೂತವಳ ಬೆರಳು ಕಾದ ನೀರಿನಲ್ಲೇ ಇದೆ. ಕೈ ಮರಗಟ್ಟುವುದನ್ನು ಅಭ್ಯಾಸ ಎನ್ನಬಹುದೇ? ಬಿರಿದ ಚರ್ಮ ಏನನ್ನೂ ಕಲಿತಿಲ್ಲ. ಅದು ಬರೀ ಸುಟ್ಟಿದೆ.

ದೂರದ ಮಾತೇಕೆ, ನಮ್ಮ ಅಡುಗೆಮನೆಗಳನ್ನೇ ನೋಡಿ. ಹಾಲ್‌ಗೆ ಏಸಿ, ಮಲಗುವ ಕೋಣೆಗೆ ಕೂಲರ್, ಒಲೆಯ ಮುಂದೆ ನಿಂತವಳಿಗೆ ಸೆರಗಿನ ಗಾಳಿ. ಹೊಗೆ ಎಳೆಯುವ ಫ್ಯಾನು ಹಾಕಿಸೋಣವೆಂದು ನಾನು ಹೇಳಿದಾಗಲೆಲ್ಲ ನಮ್ಮೆಜಮಾನರು, "ಇಷ್ಟು ವರ್ಷ ಅಭ್ಯಾಸವಾಗಿದೆಯಲ್ಲ" ಎನ್ನುತ್ತಿದ್ದರು. ಅವರೇನು ಕೆಟ್ಟವರಲ್ಲ. ಆದರೆ ಆ ಮಾತು ಕೆಟ್ಟದ್ದು. ಖರ್ಚು ಉಳಿಸುತ್ತದೆ, ಆಡಿದವರಿಗೆ ಪಾಪವೂ ಹತ್ತಿದಂತಿಲ್ಲ.

ಹುಡುಗ ಬೆಟ್ಟಕ್ಕೆ ಹೋದ ಮೇಲೆ ಹಳೆಯ ಥರ್ಮಾಮೀಟರ್ ಹುಡುಕಿ ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಹೋಳಿಗೆ ಬೇಯಿಸುವ ಹೊತ್ತಿಗೆ 41 ತೋರಿಸಿತು. ಯಜಮಾನರನ್ನು ಕರೆದು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು, ಏನೂ ಹೇಳಲಿಲ್ಲ. ಹಬ್ಬ ಕಳೆದ ಮರುವಾರ ಫ್ಯಾನು ಬಂತು.

ಗೆಳತಿಯರೇ, ನೀವೂ ಒಂದು ಥರ್ಮಾಮೀಟರ್ ತಂದು ತೂಗುಹಾಕಿ. ಮನೆಗೆಲಸದವಳು, ನೂಲು ಬಿಚ್ಚುವವಳು, ಯಾರೇ ಆಗಲಿ ಅಭ್ಯಾಸವಾಗಿದೆ ಎಂದು ನಕ್ಕರೆ, ನಾನು ಮಾಡಿದಂತೆ ತಲೆಯಾಡಿಸಿ ಬರಬೇಡಿ. ಎಷ್ಟು ಡಿಗ್ರಿ ಎಂದು ಕೇಳಿ. ಕಾರಿಗೆ ಸಿಕ್ಕಷ್ಟು ವಿಚಾರಣೆ ಹೆಂಗಸಿಗೂ ಸಿಗಲಿ.