ಲಕ್ಷ ಸಿಗುತ್ತದೆ, ಅರ್ಧ ಗಂಟೆ ಸಿಗುವುದಿಲ್ಲ

ಐವತ್ತು ದಾಟಿದ ಹೆಂಗಸು ಮಂಡಿ ನೋವು ಎಂದರೆ ನಮ್ಮಲ್ಲಿ ಸಿಗುವ ಉತ್ತರ ಎರಡೇ. ಮೊದಲನೆಯದು, "ವಯಸ್ಸಾಯಿತಲ್ಲ, ಇನ್ನೇನು?" ಕೆಲವು ವರ್ಷಗಳ ನಂತರ ಎರಡನೆಯದು, "ಆಪರೇಷನ್ ಮಾಡಿಸಿಬಿಡಿ." ಈ ಎರಡು ಮಾತುಗಳ ನಡುವೆ ಹತ್ತು ಹದಿನೈದು ವರ್ಷಗಳ ಬದುಕಿದೆ. ಆ ವರ್ಷಗಳಲ್ಲಿ ಏನು ಮಾಡಬೇಕೆಂದು ಹೇಳುವವರೂ ಕಡಿಮೆ, ಮಾಡಲು ಬಿಡುವವರೂ ಕಡಿಮೆ. ನನ್ನ ಜಗಳವಿರುವುದು ಅದರ ಬಗ್ಗೆ.

ಮೊದಲು ಮಂಡಿಯ ವಿಷಯ. ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಮೃದ್ವಸ್ಥಿ ಸವೆಯುತ್ತಾ ಬಂದಾಗ ಈ ಸಂಧಿವಾತ ಶುರುವಾಗುತ್ತದೆ. ಆ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ನಡೆದಾಡಿದಾಗ ಸ್ಪಂಜಿನಂತೆ ಒತ್ತಿ ಬಿಟ್ಟು, ಕೀಲಿನೊಳಗಿನ ದ್ರವದಿಂದಲೇ ಅದು ಆಹಾರ ಪಡೆಯಬೇಕು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಿದ್ದರೆ ಹೆಜ್ಜೆಯ ಪೆಟ್ಟನ್ನು ಅದು ತಾಳಿಕೊಳ್ಳುತ್ತದೆ, ಸೊರಗಿದರೆ ಪೆಟ್ಟೆಲ್ಲ ಮಂಡಿಗೆ. ಒಂಬತ್ತನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವ ಮಾತಿದು. ಆದರೂ ನಮಗೆ ಪ್ರೀತಿಯಿಂದ ಸಿಗುವ ಸಲಹೆ ಯಾವುದು? "ನೋವಿದ್ದರೆ ಓಡಾಡಬೇಡ, ಕೂತಿರು." ಕೂತಷ್ಟೂ ಸ್ನಾಯು ಸೊರಗುತ್ತದೆ, ತೂಕ ಏರುತ್ತದೆ, ನೋವು ಹೆಚ್ಚುತ್ತದೆ.

ನಾನು ಇಪ್ಪತ್ತೆಂಟು ವರ್ಷ ನಿಂತು ಪಾಠ ಹೇಳಿದವಳು. ಕುರ್ಚಿಯಲ್ಲಿ ಕೂತ ಮೇಡಂ ಪಾಠ ಮಾಡುತ್ತಿಲ್ಲವೆಂದೇ ನಮ್ಮ ಶಾಲೆಯಲ್ಲಿ ಲೆಕ್ಕ. ಉಪಾಧ್ಯಾಯರ ಕೊಠಡಿ ಇದ್ದದ್ದು ಮಹಡಿಯ ಮೇಲೆ. ಐವತ್ತೊಂದರಲ್ಲಿ ಮಂಡಿ ಕೈಕೊಟ್ಟಾಗ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದವರು, ನಾನು ಎಷ್ಟು ದೂರ ನಡೆಯಬಲ್ಲೆ ಎಂದು ಕೇಳುವ ಮೊದಲೇ ಎರಡೂ ಮಂಡಿಗೆ ಸೇರಿ ಎಷ್ಟಾಗುತ್ತದೆಂದು ಹೇಳಿದರು. ಎಕ್ಸ್‌ರೇಯ ಸವೆತಕ್ಕೂ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ ಎಂಬುದು ವೈದ್ಯಕೀಯದ ಹಳೆಯ ತಿಳಿವಳಿಕೆ. ಅದನ್ನು ನನಗೆ ಹೇಳಿದ್ದು ಬೇರೊಂದು ಕಡೆಯ ಫಿಸಿಯೋಥೆರಪಿಯ ಹುಡುಗಿ. ಅವಳು ಕಲಿಸಿದ ವ್ಯಾಯಾಮಕ್ಕೆ ದಿನಕ್ಕೆ ಅರ್ಧ ಗಂಟೆ ಬೇಕಿತ್ತು.

ನಿಜವಾದ ಕಾಯಿಲೆ ಕಂಡದ್ದು ಆಗ. ಆಪರೇಷನ್ ಎಂದಾಗ ಮನೆಯಲ್ಲಿ ಯಾರೂ ಜಿಪುಣತನ ಮಾಡಿರಲಿಲ್ಲ. ನಮ್ಮವರು ಬ್ಯಾಂಕಿನ ಠೇವಣಿ ಮುರಿಸುತ್ತೇನೆಂದರು, ಮಗ ರಜೆ ಹಾಕುತ್ತೇನೆಂದ. ಆದರೆ ಬೆಳಿಗ್ಗೆ ಆರರಿಂದ ಆರೂವರೆ ನನ್ನದು, ಅಷ್ಟು ಹೊತ್ತು ಅಡುಗೆಮನೆ ನೀವು ನೋಡಿಕೊಳ್ಳಿ ಎಂದೆ. ಮನೆ ಮೌನವಾಯಿತು. ಲಕ್ಷಗಳಿಗೆ ಗೊಣಗದವರು ಒಂದು ಲೋಟ ಕಾಫಿಗೆ ಗೊಣಗಿದರು. ನಾನು ಬಿಡಲಿಲ್ಲ. ಒಂಬತ್ತು ವಾರ ಕಳೆಯುವಷ್ಟರಲ್ಲಿ ಗೋಡೆ ಹಿಡಿಯದೆ ಮೆಟ್ಟಿಲು ಹತ್ತುತ್ತಿದ್ದೆ.

2000ದ ಅಕ್ಟೋಬರಿನಲ್ಲಿ ಪ್ರಧಾನಿ ವಾಜಪೇಯಿಯವರ ಎಡ ಮಂಡಿಗೆ, 2001ರ ಜೂನಿನಲ್ಲಿ ಬಲ ಮಂಡಿಗೆ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆಯಾದಾಗ ದೇಶವೆಲ್ಲ ಮಂಡಿಯ ಮಾತಾಡಿತು. ಆಡಲಿ, ತಪ್ಪಿಲ್ಲ. ಆದರೆ ಈ ಕಾಯಿಲೆ ಹೆಚ್ಚು ಕಾಡುವುದು ಹೆಂಗಸರನ್ನು. ಈಳಿಗೆಮಣೆಯ ಮುಂದೆ, ಬಟ್ಟೆ ಕಲ್ಲಿನ ಮುಂದೆ, ನೆಲ ಒರೆಸುತ್ತ ಮಂಡಿ ಮಡಚಿದವರಿಗೆ ಯಾರೂ ಬುಲೆಟಿನ್ ಹೊರಡಿಸುವುದಿಲ್ಲ.

"ವ್ಯಾಯಾಮದಿಂದ ಸವೆದದ್ದು ಬೆಳೆಯುತ್ತದೆಯೇ?" ಎಂದು ಕೇಳುವವರಿದ್ದಾರೆ. ಬೆಳೆಯುವುದಿಲ್ಲ. ನೋವು ತಗ್ಗುತ್ತದೆ, ನಡಿಗೆ ಸುಧಾರಿಸುತ್ತದೆ, ನಮಗೆ ಬೇಕಾದದ್ದೂ ಅದೇ. ಮಂಡಿ ಬದಲಿಸಲು ಅರ್ಹರೆನಿಸಿಕೊಂಡಿದ್ದ ನೂರು ಜನರ ಮೇಲೆ ಡೆನ್ಮಾರ್ಕಿನಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ, ಇನ್ನರ್ಧಕ್ಕೆ ಹನ್ನೆರಡು ವಾರಗಳ ವ್ಯಾಯಾಮ, ಪಥ್ಯ, ತಿಳಿವಳಿಕೆ, ಬೇಕಾದರೆ ಮಾತ್ರೆ. ಶಸ್ತ್ರಚಿಕಿತ್ಸೆಯವರ ನೋವು ಹೆಚ್ಚು ಇಳಿಯಿತು, ಗಂಭೀರ ತೊಂದರೆಗಳೂ ಅವರಲ್ಲೇ ಹೆಚ್ಚು. ಇನ್ನೊಂದು ಗುಂಪಿನ ಐವತ್ತು ಜನರಲ್ಲಿ ವರ್ಷದೊಳಗೆ ಆಪರೇಷನ್ನಿಗೆ ಹೋದವರು 13 ಮಂದಿ ಮಾತ್ರ. 2022ರಲ್ಲಿ ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿಯೂ ವ್ಯಾಯಾಮ ಮತ್ತು ತೂಕ ಇಳಿಕೆಯೇ ಮುಖ್ಯ ಚಿಕಿತ್ಸೆ ಎಂದಿತು. ಗ್ಲುಕೋಸಮಿನ್ ಮಾತ್ರೆಯನ್ನು ಕೊಡಬೇಡಿ ಎಂದೂ ಹೇಳಿತು. ನಮ್ಮ ಔಷಧದಂಗಡಿಗಳಲ್ಲಿ ಅದನ್ನು ತಿಂಗಳ ದಿನಸಿಯಂತೆ ಕೊಳ್ಳುತ್ತೇವೆ.

ಹಾಗಾದರೆ ಮಾಡಬೇಕಾದ್ದೇನು? ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸಿ. ಕಾಲಿಗೆ ಹತ್ತು ಸಲ. ಮಲಗಿ ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಿ. ಕೈಯೂರದೆ ಕುರ್ಚಿಯಿಂದ ಎದ್ದು ಕೂರಲು ಅಭ್ಯಾಸ ಮಾಡಿ. ಸಮನಾದ ನೆಲದಲ್ಲಿ ನಡೆಯಿರಿ, ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ, ಮರುದಿನಕ್ಕೂ ಉಳಿದರೆ ಕಡಿಮೆ ಮಾಡಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ. ಈಳಿಗೆಮಣೆ ಮೇಜಿನ ಮೇಲೆ ಬರಲಿ, ನೆಲಕ್ಕೆ ಕೋಲಿನ ಒರೆಸುಬಟ್ಟೆ ಬರಲಿ. ಕೈಯಲ್ಲಿ ಒರೆಸಿದರೇ ಶುಚಿ ಎನ್ನುವವರು ತಾವೇ ಒರೆಸಲಿ.

ಬಿಸಿ ಶಾಖ, ಎಕ್ಕದೆಲೆ, ಹರಳೆಣ್ಣೆಯ ತಂಟೆಗೆ ನಾನು ಹೋಗುವುದಿಲ್ಲ. ಶಾಖದಿಂದ ಆ ಹೊತ್ತಿಗೆ ಹಾಯೆನಿಸುತ್ತದೆ, ಅದೂ ಬೇಕು. ನೋವಿನ ಜೆಲ್ ಹಚ್ಚಿಕೊಳ್ಳುವುದೂ ಸರಿಯೇ. ಆದರೆ ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹೃದಯಕ್ಕೂ ಅಪಾಯ. ಹೆಸರಿಲ್ಲದ ಪೊಟ್ಟಣದ ಪುಡಿಯಂತೂ ಬೇಡವೇ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾದ ಉದಾಹರಣೆಗಳಿವೆ. ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಬೆಳಿಗ್ಗೆ ಕೈಬೆರಳುಗಳೂ ಗಂಟೆಗಟ್ಟಲೆ ಬಿಗಿದಿದ್ದರೆ ವ್ಯಾಯಾಮ ಬದಿಗಿಟ್ಟು ಡಾಕ್ಟರ ಬಳಿ ಹೋಗಿ. ಅದು ಬೇರೆಯೇ ಕಾಯಿಲೆ ಇರಬಹುದು.

ಶಸ್ತ್ರಚಿಕಿತ್ಸೆ ನನ್ನ ವೈರಿಯಲ್ಲ. ರಾತ್ರಿ ನಿದ್ದೆಗೆಟ್ಟು, ಬಚ್ಚಲಿಗೆ ನಡೆಯಲೂ ಆಗದೆ, ಎಲ್ಲ ಮಾಡಿ ಸೋತವರಿಗೆ ಅದು ವರವೇ ಸರಿ. 2017ರ ಆಗಸ್ಟಿನಲ್ಲಿ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ್ದೂ ಒಳ್ಳೆಯದೇ ಆಯಿತು. ಆದರೆ ಒಂದು ಮಾತು ಗಮನಿಸಿ. ಮಂಡಿ ಬದಲಿಸಿದ ಮೇಲೂ ತಿಂಗಳುಗಟ್ಟಲೆ ಮಾಡಬೇಕಾದ್ದು ಹೆಚ್ಚುಕಡಿಮೆ ಇವೇ ವ್ಯಾಯಾಮಗಳನ್ನು. ಆಗ ಮನೆಮಂದಿಯೆಲ್ಲ ಮಂಚದ ಸುತ್ತ ನಿಂತು ಎಣಿಸಿ ಮಾಡಿಸುತ್ತಾರೆ, ಅಡುಗೆಗೆ ಬೇರೆ ಏರ್ಪಾಡಾಗುತ್ತದೆ. ಕೊಯ್ಯಿಸಿಕೊಂಡ ಮೇಲೆ ಸಿಗುವ ಆ ಸಮಯ, ಕೊಯ್ಯಿಸಿಕೊಳ್ಳುವ ಮೊದಲು ಯಾಕೆ ಸಿಗಬಾರದು? ಹೆಂಗಸಿನ ನೋವು ನಿಜವೆಂದು ನಂಬಲು ಬ್ಯಾಂಡೇಜೇ ಕಾಣಬೇಕೆ?

ಅಕ್ಕತಂಗಿಯರೇ, ಈ ಅರ್ಧ ಗಂಟೆಯನ್ನು ಯಾರೂ ತಾವಾಗಿ ತಂದುಕೊಡುವುದಿಲ್ಲ. ಕೇಳಿ ಪಡೆಯಿರಿ, ಕೊಡದಿದ್ದರೆ ತೆಗೆದುಕೊಳ್ಳಿ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಒಮ್ಮೆ ಹೋಗಿ ಸರಿಯಾದ ಕ್ರಮ ಕಲಿತು ಬನ್ನಿ. ಎಂಟು ಹತ್ತು ವಾರ ತಪ್ಪದೆ ಮಾಡಿ, ಆಮೇಲೆ ಮಾತಾಡೋಣ. ಈ ಪುಟ ಓದಿ ಮುಗಿದ ಮೇಲೆ ಬೀರುವಿನಲ್ಲಿಡದೆ ಮನೆಯವರ ಕೈಗೂ ಕೊಡಿ.