ಅಪ್ಪನ ತೂಕದಲ್ಲಿ ವಾಶ್‌ಬೇಸಿನ್ ಪಾಲು

ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದ ಅಪ್ಪ ಮನೆಗೆ ಹೊರಟಾಗ ಡಾಕ್ಟರ್ ಒತ್ತಿ ಹೇಳಿದ್ದು ಒಂದೇ. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ತೂಕ ನೋಡಿ, ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ಫೋನ್ ಮಾಡಿ. ಮೈಯಲ್ಲಿ ನೀರು ನಿಲ್ಲೋದು ಎಷ್ಟೋ ಸಲ ಕಾಲು ಊದೋದಕ್ಕೆ ಮುಂಚೆ ತೂಕದಲ್ಲೇ ಗೊತ್ತಾಗುತ್ತಂತೆ.

ಅಪ್ಪ ಅಮ್ಮ ಶಿವಮೊಗ್ಗದಲ್ಲಿ, ನಾನು ಬೆಂಗಳೂರಲ್ಲಿ. ಅಮ್ಮ ವಾಟ್ಸಾಪ್‌ನಲ್ಲಿ ನಂಬರ್ ಕಳಿಸ್ತಿದ್ದಳು, ನಾನು ಎಕ್ಸೆಲ್ ಶೀಟಿಗೆ ಹಾಕ್ತಿದ್ದೆ. 64, 64, 63.5. ಆಮೇಲೆ 61, 63, 60. ಗ್ರಾಫ್ ಇಳೀತಿದೆ ಅಂತ ನನಗೆ ಖುಷಿ ಬೇರೆ!

ಶನಿವಾರ ಊರಿಗೆ ಹೋದಾಗ ಕಣ್ಣಾರೆ ನೋಡಿದೆ. ತಲೆ ಸುತ್ತುತ್ತೆ ಅಂತ ಅಪ್ಪ ಒಂದು ಕೈಯನ್ನು ವಾಶ್‌ಬೇಸಿನ್ ಮೇಲೆ ಊರಿಕೊಂಡು ತೂಕದ ಮೆಷಿನ್ ಮೇಲೆ ನಿಂತಿದ್ರು. ಕೇಳಿದ್ದಕ್ಕೆ, "ಎರಡೂ ಕಾಲು ಮೆಷಿನ್ ಮೇಲೇ ಇದೆಯಲ್ಲೋ, ಕೈ ಇಟ್ರೆ ಏನಾಗುತ್ತೆ?" ಅಂದ್ರು.

ಆಗೋದು ಇಷ್ಟು. ಅಲುಗಾಡದೆ ನಿಂತಿರುವವರನ್ನು ಭೂಮಿ ಎಷ್ಟು ಬಲದಿಂದ ಕೆಳಗೆ ಎಳೆಯುತ್ತದೋ, ಮೇಲಕ್ಕೆ ತಳ್ಳುವ ಬಲಗಳ ಮೊತ್ತವೂ ಅಷ್ಟೇ ಇರಬೇಕು. ಮೊತ್ತ ಅನ್ನೋದು ಮುಖ್ಯ. ನಾವೆಲ್ಲ ಪರೀಕ್ಷೆಗೆ ಮೇಜಿನ ಮೇಲಿನ ಪುಸ್ತಕದ ಚಿತ್ರ ಬರೆದವರು. ಮೇಲಕ್ಕೊಂದು ಬಾಣ, ಕೆಳಗೊಂದು ಬಾಣ, ಎರಡು ಮಾರ್ಕು. ಇಲ್ಲಿ ಮೇಲಕ್ಕೆ ಎರಡು ಬಾಣ. ಒಂದು ಮೆಷಿನ್‌ದು, ಇನ್ನೊಂದು ಬೇಸಿನ್‌ದು. ಮೆಷಿನ್ ಪಾಪ, ಅಪ್ಪನ ತೂಕ ಅಳೆಯೋದೇ ಇಲ್ಲ. ತಾನು ಎಷ್ಟು ತಳ್ತಿದ್ದೀನಿ ಅನ್ನೋದಷ್ಟೇ ಅದಕ್ಕೆ ಗೊತ್ತು, ಅದನ್ನೇ ಕೆಜಿಯಲ್ಲಿ ತೋರಿಸುತ್ತೆ.

ನಾನು ಪಕ್ಕದಲ್ಲೇ ನಿಂತು ಕೈ ಬಿಡಿಸಿದೆ. 60 ಇದ್ದದ್ದು 66.5ಕ್ಕೆ ಹೋಯ್ತು. ಲೆಕ್ಕ ಹಾಕಿದ್ರೆ, ಒಟ್ಟು ಸುಮಾರು 652 ನ್ಯೂಟನ್‌ನಲ್ಲಿ 64 ನ್ಯೂಟನ್‌ನಷ್ಟನ್ನು ಬೇಸಿನ್ ಹೊತ್ತಿತ್ತು. ಆದರೆ ಆಗ ನನಗೆ ಕಂಡಿದ್ದು ಬೇರೆ ಲೆಕ್ಕ: ಮನೆಗೆ ಬಂದಾಗ 64 ಇದ್ದವರು ಎರಡೂವರೆ ಕೆಜಿ ಏರಿದ್ದಾರೆ. ಇಷ್ಟು ದಿನ ಇಂಜಿನಿಯರ್ ಮಗ ಗ್ರಾಫ್ ನೋಡ್ಕೊಂಡು ಕೂತಿದ್ದಾನೆ.

ಡಾಕ್ಟರಿಗೆ ಫೋನ್ ಮಾಡಿದ್ವಿ. ಅವತ್ತೇ ಬರಹೇಳಿ, ನೋಡಿ, ಮೂತ್ರ ಹೋಗುವ ಮಾತ್ರೆ ಹೆಚ್ಚಿಸಿದ್ರು.

ಈಗ ಮೆಷಿನ್ ಮಂಚದ ಪಕ್ಕಕ್ಕೆ ಬಂದಿದೆ. ಅಪ್ಪ ಅಮ್ಮನ ಭುಜ ಹಿಡಿದು ಹತ್ತುತ್ತಾರೆ, ನಂಬರ್ ಬರುವಾಗ ಮಾತ್ರ ಕೈ ಬಿಡುತ್ತಾರೆ, ಬೀಳದ ಹಾಗೆ ಅಮ್ಮ ಹತ್ತಿರವೇ ಇರುತ್ತಾಳೆ. ಇವತ್ತು ಬೆಳಿಗ್ಗೆ ಬಂದ ಮೆಸೇಜು: "64.2. ಕೈ ಬಿಟ್ಟಿದ್ರು, ನಾನೇ ನೋಡಿದೆ."