ಅಗ್ಗದ ಬಟ್ಟೆಗೆ ಬೆಲೆ ತೆರುವವರಾರು?

2025ರ ಆಗಸ್ಟ್ 27ರಿಂದ ಅಮೇರಿಕೆಯು ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಗುಜರಾತಿನ ಜವಳಿ ಉದ್ಯಮಿಗಳ ಮೊರೆ ದಿಲ್ಲಿಗೆ ಮುಟ್ಟಲು ತಡವಾಗಲಿಲ್ಲ. ಅದೇ ತಿಂಗಳಲ್ಲಿ ಕೇಂದ್ರ ಸರಕಾರವು ಹತ್ತಿಯ ಮೇಲಿನ ಶೇಕಡಾ 11ರ ಆಮದು ಸುಂಕವನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. ಇದನ್ನು ನಾವು ಆಕ್ಷೇಪಿಸುವುದಿಲ್ಲ. ಗಿರಣಿ ನಡೆದರೆ ಕೂಲಿ, ಕೂಲಿ ದೊರೆತರೆ ನಮ್ಮ ಹೋಟೆಲುಗಳ ಗಲ್ಲಾಪೆಟ್ಟಿಗೆಗೂ ಕಾಸು ಎಂಬುದನ್ನು ನಾವು ಬಲ್ಲೆವು. ಆದರೆ ಮಾಲೀಕರ ನಷ್ಟವನ್ನು ಇಷ್ಟು ಬೇಗ ಕೇಳಿಸಿಕೊಂಡ ಕಿವಿಗಳಿಗೆ ಇದೇ ಉದ್ಯಮವು ನದಿಗೂ ಕೂಲಿಕಾರನಿಗೂ ಉಂಟುಮಾಡಿದ ನಷ್ಟವು ದಶಕಗಳಿಂದ ಕೇಳಿಸದಿರುವುದೇಕೆ?

ಅಹಮದಾಬಾದಿನ ಮೊದಲ ಬಟ್ಟೆಗಿರಣಿ 1861ರಲ್ಲಿ ಕೆಲಸ ಆರಂಭಿಸಿತು. 1918ರಲ್ಲಿ ಪ್ಲೇಗಿನ ಭತ್ತೆ ನಿಂತುಹೋದಾಗ ಕೂಲಿಕಾರರು ಶೇಕಡಾ 35ರ ಹೆಚ್ಚಳ ಕೇಳಿದರು. ಮಾಲೀಕರು 20ರಿಂದ ಮೇಲೇರಲೊಲ್ಲರು. ಮಾಲೀಕರ ಪಕ್ಷದಲ್ಲಿ ಅಂಬಾಲಾಲ್ ಸಾರಾಭಾಯಿ, ಕೂಲಿಕಾರರ ಪಕ್ಷದಲ್ಲಿ ಅವರ ಒಡಹುಟ್ಟಿದ ಅಕ್ಕ ಅನಸೂಯಾಬೆನ್, ನಡುವೆ ಗಾಂಧೀಜಿಯವರ ಉಪವಾಸ. ಪಂಚರಾಗಿದ್ದ ಆನಂದಶಂಕರ ಧ್ರುವರು ಕೊನೆಗೆ ಶೇಕಡಾ 35ನ್ನೇ ಕೊಡಿಸಿದರು. ಆ ಕಾಲವನ್ನು ರಾಮರಾಜ್ಯವೆಂದು ನಾವು ಬಣ್ಣಿಸಹೊರಟಿಲ್ಲ. ಆದರೆ ತನ್ನ ಧಣಿ ಯಾರು, ಅವನ ಮನೆಯ ಬಾಗಿಲು ಯಾವುದು ಎಂಬುದು ಅಂದಿನ ಕೂಲಿಕಾರನಿಗೆ ಗೊತ್ತಿತ್ತು. 1980ರ ದಶಕದಿಂದೀಚೆಗೆ ಗಿರಣಿಗಳು ಒಂದೊಂದಾಗಿ ಮುಚ್ಚಿ, ಸುಮಾರು ಒಂದು ಲಕ್ಷ ಜನ ಕೆಲಸ ಕಳೆದುಕೊಂಡ ಮೇಲೆ ತಟ್ಟಲು ಆ ಬಾಗಿಲೇ ಇಲ್ಲವಾಯಿತು.

ಈಗಿನ ಬಟ್ಟೆ ಹಲವು ಕೈ ದಾಟಿ ಬರುತ್ತದೆ. ನಮ್ಮವರು ಊರಿಗೆ ಹೋಗುವಾಗ ಕೊಂಡೊಯ್ಯುವ ಸೂರತಿನ ಅಗ್ಗದ ಸೀರೆಯನ್ನೇ ನೋಡೋಣ. ನೂಲು ಹತ್ತಿಯದಲ್ಲ, ಕಲ್ಲೆಣ್ಣೆಯಿಂದ ತೆಗೆದ ಪಾಲಿಯೆಸ್ಟರ್. ಮಗ್ಗದ ಮುಂದೆ ನಿಂತವನು ಹೆಚ್ಚಾಗಿ ಒಡಿಶಾದ ಗಂಜಾಮಿನವನು. ಮೀಟರಿಗಿಷ್ಟೆಂದು ಕೂಲಿ, ಹನ್ನೆರಡು ಗಂಟೆಯ ಪಾಳಿ. ಕೋರಾ ಬಟ್ಟೆ ವರ್ತಕನ ಕೈಗೆ, ಅಲ್ಲಿಂದ ಪಾಂಡೇಸರಾ, ಸಚಿನ್‌ಗಳ ಬಣ್ಣದ ಗಿರಣಿಗೆ, ಅಲ್ಲಿಂದ ಕಸೂತಿಯವನಿಗೆ, ಮನೆಯಲ್ಲಿ ಕುಳಿತು ಟಿಕ್ಕಿ ಅಂಟಿಸುವ ಹೆಂಗಸಿಗೆ, ಮರಳಿ ರಿಂಗ್ ರೋಡಿನ ಅಂಗಡಿಗೆ. ಪ್ರತಿಯೊಬ್ಬನೂ ಇನ್ನೊಬ್ಬನ ಮಾಲನ್ನು ಮಜೂರಿಗೆ ಮಾಡಿಕೊಡುವವನು. ಹೊಣೆಯ ಮಾತು ಬಂದರೆ ‘ಮಾಲು ನನ್ನದಲ್ಲ’ ಎಂಬ ಒಂದೇ ಉತ್ತರ.

ಪರದೇಶಕ್ಕೆ ಹೋಗುವ ಬಟ್ಟೆಯ ಕಥೆಯೂ ಬೇರೆಯಲ್ಲ. 2020ರ ಫೆಬ್ರವರಿ 8ರಂದು ಅಹಮದಾಬಾದಿನ ಡೆನಿಮ್ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು ಏಳು ಮಂದಿ ಸತ್ತರು. ಹೊರಬರಲು ಒಂದೇ ಬಾಗಿಲು, ಅದಕ್ಕೂ ಏಣಿ ಹತ್ತಬೇಕಾಗಿತ್ತೆಂದು ವರದಿಯಾಯಿತು. ಕಾರ್ಖಾನೆಯ ಗ್ರಾಹಕರ ಪಟ್ಟಿಯಲ್ಲಿ ಪರದೇಶದ ಹೆಸರಾಂತ ಕಂಪನಿಗಳಿದ್ದವು. ಬೆಂಕಿಯ ಬಳಿಕ ಅವುಗಳಲ್ಲಿ ಕೆಲವು ತಮಗೆ ಸಂಬಂಧವಿಲ್ಲವೆಂದವು. 2022ರ ಜನವರಿ 6ರ ನಸುಕಿನಲ್ಲಿ ಸಚಿನ್ ಕೈಗಾರಿಕಾ ವಸಾಹತಿನಲ್ಲಿ ಟ್ಯಾಂಕರೊಂದು ರಾಸಾಯನಿಕ ಕೊಳಚೆಯನ್ನು ಕದ್ದು ಸುರಿದಾಗ ಎದ್ದ ವಿಷಾನಿಲಕ್ಕೆ ಪಕ್ಕದ ಬಣ್ಣದ ಗಿರಣಿಯ ಆರು ಕೂಲಿಕಾರರು ಬಲಿಯಾದರು. ಆ ಕೊಳಚೆಯು ಜವಳಿಯದಲ್ಲ, ದೂರದ ಕಾರ್ಖಾನೆಯದು. ಆದರೆ ಕೊಳಚೆಯನ್ನು ಶುದ್ಧಗೊಳಿಸುವ ಖರ್ಚಿಗಿಂತ ಚರಂಡಿ ಅಗ್ಗವೆಂಬ ಲೆಕ್ಕಾಚಾರ ಎರಡೂ ಕಡೆ ಒಂದೇ.

ನದಿಯ ವಿಷಯಕ್ಕೆ ಬರೋಣ. ಅಹಮದಾಬಾದಿನ ಪೂರ್ವಭಾಗದ ಕಾರ್ಖಾನೆಗಳ ಕೊಳಚೆಯನ್ನು ಕುರಿತು ಗುಜರಾತಿನ ಉಚ್ಚ ನ್ಯಾಯಾಲಯವು 1995ರಲ್ಲಿಯೇ ಕಠಿಣ ಆಜ್ಞೆ ಹೊರಡಿಸಿ ನೂರಾರು ಕಾರ್ಖಾನೆಗಳ ಬಾಗಿಲು ಹಾಕಿಸಿತು. 2021ರಲ್ಲಿ ಅದೇ ನ್ಯಾಯಾಲಯವು ಸಾಬರಮತಿಯ ದುರ್ದೆಶೆಯನ್ನು ತಾನಾಗಿಯೇ ಮತ್ತೆ ವಿಚಾರಣೆಗೆ ಎತ್ತಿಕೊಳ್ಳಬೇಕಾಯಿತು. ನಡುವಿನ ಇಪ್ಪತ್ತಾರು ವರ್ಷ ಆಡಳಿತಗಾರರು ಏನು ಮಾಡುತ್ತಿದ್ದರು? ನದಿಯ ದಂಡೆಗೆ ಕಲ್ಲು ಕಟ್ಟಿಸಿ ವಿಹಾರಸ್ಥಳ ಮಾಡಿದರು. ದಂಡೆ ನಿಜಕ್ಕೂ ಸುಂದರವಾಗಿದೆ. ಅಲ್ಲಿಂದ ಕೆಳಕ್ಕೆ ಹರಿಯುವ ನೀರನ್ನು ಮಾತ್ರ ನೋಡಬಾರದು. ವಡೋದರಾದ ಸುತ್ತ ಬಟ್ಟೆಗೆ ಬೇಕಾದ ಬಣ್ಣಗಳ ಮೂಲದ್ರವ್ಯಗಳು ತಯಾರಾಗುತ್ತವೆ. ಅವುಗಳಲ್ಲಿ ಕೆಲವನ್ನು ಪಾಶ್ಚಾತ್ಯ ದೇಶಗಳು ಮಾಲಿನ್ಯದ ಭಯದಿಂದ ಬಹುಮಟ್ಟಿಗೆ ಕೈಬಿಟ್ಟಿವೆ. ಅಲ್ಲಿಯ ಕೊಳಚೆಯನ್ನು ಸಮುದ್ರಕ್ಕೆ ಒಯ್ಯಲು 1983ರಲ್ಲಿ ಸುಮಾರು 56 ಕಿಲೋಮೀಟರ್ ಉದ್ದದ ಕಾಲುವೆಯಾಯಿತು. ಆ ಕಾಲುವೆಯ ಆಸುಪಾಸಿನ ರೈತರು ತಮ್ಮ ಬಾವಿಯ ನೀರು ಕೆಟ್ಟಿತೆಂದು ವರ್ಷಗಳಿಂದ ದೂರುತ್ತಿದ್ದಾರೆ.

ಕೊಳ್ಳುವ ಕಂಪನಿಗಳನ್ನೂ ಹೊಣೆಗಾರರನ್ನಾಗಿಸುವ ಕಾಯಿದೆಯನ್ನು ಯುರೋಪಿನ ಒಕ್ಕೂಟವು 2024ರಲ್ಲಿ ಮಾಡಿತು. 2025ರಲ್ಲಿ ಅದನ್ನು ಸಡಿಲಿಸಹೊರಟಿತು. ಅದು ಬಿಗಿಯಾಗಿದ್ದರೂ ನಮ್ಮ ನಾಡಿನೊಳಗೇ ಮಾರಾಟವಾಗುವ ಸೂರತಿನ ಸೀರೆಯನ್ನು ಮುಟ್ಟದು. ಆದುದರಿಂದ ಮಾಲು ಯಾರದೋ ಹೊಣೆಯೂ ಅವರದೇ ಎಂಬ ಕಾಯಿದೆಯನ್ನು ನಾವೇ ಮಾಡಬೇಕು. ಗುಜರಾತಿನ ಸರಕಾರವಾದರೋ 2025ರಲ್ಲಿ ಬೇರೊಂದು ಕಾಯಿದೆಗೆ ಅವಸರಪಟ್ಟಿತು. ಜುಲೈಯಲ್ಲಿ ಸುಗ್ರೀವಾಜ್ಞೆ, ಸಪ್ಟೆಂಬರಿನಲ್ಲಿ ವಿಧಾನಸಭೆಯ ಅಂಗೀಕಾರ. ಕಾರ್ಖಾನೆಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆಯ ದುಡಿಮೆಗೆ ಅವಕಾಶ, ಕೂಲಿಕಾರನ ಲಿಖಿತ ಸಮ್ಮತಿಯಿದ್ದರೆ. ಊರು ಬಿಟ್ಟು ಬಂದು ಧಣಿ ಕೊಟ್ಟ ಜಾಗದಲ್ಲಿಯೇ ಮಲಗುವವನ ಸಮ್ಮತಿ ಎಂಥದೆಂಬುದನ್ನು ಹೋಟೆಲಿನಲ್ಲಿ ದುಡಿದ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಹೆಚ್ಚಿನ ದುಡಿಮೆಗೆ ಪಡೆಯುವ ಸಮ್ಮತಿಪತ್ರವು ಒಡಿಯಾದಲ್ಲಿಯೋ ಹಿಂದಿಯಲ್ಲಿಯೋ ಇದ್ದು, ಕಾರ್ಖಾನೆ ನಿರೀಕ್ಷಕರ ಎದುರಿನಲ್ಲಿ ಓದಿ ಹೇಳಿಯೇ ರುಜು ಮಾಡಿಸಬೇಕೆಂದು ನಿಯಮ ಮಾಡಲು ಸರಕಾರಕ್ಕೆ ಖರ್ಚೇನೂ ತಗಲದು.